ನಾನು ಬರೆದ ಮುಖ

ನಾನು ಹುಮನಾಬಾದಿನ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲೆಯ ಮಾಸ್ತರನಾಗಿದ್ದೆ. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷ ಆಗಿರಬೇಕು, ಬಸವಕಲ್ಯಾಣದ ವೈದ್ಯೆಯೊಬ್ಬರು ನನ್ನನ್ನು ಕರೆಸಿದರು. ಅವರ ದವಾಖಾನೆಗೆ ಬರುವ ಕೆಲವು ವಯಸ್ಸಾದವರಿಗೆ ರೋಗಕ್ಕಿಂತ ಒಂಟಿತನವೇ ಹೆಚ್ಚಾಗಿತ್ತು. ಅವರನ್ನು ಭಾನುವಾರ ದವಾಖಾನೆಯ ಪಡಸಾಲೆಯಲ್ಲಿ ಕೂಡಿಸಿ ಚಿತ್ರ ಬರೆಸಬೇಕೆಂಬುದು ವೈದ್ಯೆಯ ಆಸೆ.

"ಒಂದು ಮಾತು ಸರ್," ಎಂದರು ಮೊದಲ ದಿನವೇ. "ಏನೂ ಕಲಿಸಬ್ಯಾಡ್ರಿ, ತಿದ್ದಬ್ಯಾಡ್ರಿ. ಅವರು ಬರೀಲಿ, ಬರ್ಕೋತ ಮಾತಾಡ್ಲಿ. ಅಷ್ಟಾದ್ರ ಸಾಕು."

ತಲೆಯಾಡಿಸಿದೆ. ತಿದ್ದದಿದ್ದರೆ ಮಾಸ್ತರನಾದರೂ ಯಾಕೆ ಬೇಕು ಎಂದು ಒಳಗೊಳಗೇ ಅನ್ನಿಸಿತ್ತು.

ಏಳೆಂಟು ಮಂದಿ ಬರುತ್ತಿದ್ದರು. ಅವರಲ್ಲಿ ನಿವೃತ್ತ ನರ್ಸಮ್ಮ ಒಬ್ಬರು. ಮದುವೆಯಾಗಿರಲಿಲ್ಲ. ಮನ್ನಾಏಖೇಳ್ಳಿ ಸುತ್ತಲಿನ ಹಳ್ಳಿಗಳಲ್ಲಿ ಹೆರಿಗೆ ಮಾಡಿಸಿಕೊಂಡೇ ವಯಸ್ಸು ಕಳೆದು, ಈಗ ಕಲ್ಯಾಣದ ಒಂದು ಬಾಡಿಗೆ ಕೋಣೆಯಲ್ಲಿದ್ದರು. ಮೊದಮೊದಲು ಪೆನ್ಸಿಲನ್ನೇ ಮುಟ್ಟದೆ ಕೂತಿರುತ್ತಿದ್ದವರು ಆಮೇಲೆ ಒಂದೇ ಚಿತ್ರ ಹಿಡಿದರು. ವಾರ ವಾರವೂ ಅದೇ ಹಾಳೆ. ಲಂಗ ತೊಟ್ಟ ಹುಡುಗಿ, ಎರಡು ಜಡೆ, ಕೈಯಲ್ಲಿ ಹಸಿ ಕಡಲೆಗಿಡದ ಕಟ್ಟು. ಮುಖದ ಜಾಗ ಮಾತ್ರ ಖಾಲಿ. ಜಡೆ ಬರೆಯುತ್ತ ಪಕ್ಕದವರೊಡನೆ ನಗುವುದೂ ಶುರುವಾಗಿತ್ತು. ಮುಖ ಯಾಕಿಲ್ಲ ಎಂದು ನಾನು ಕೇಳಲಿಲ್ಲ. ಬರೆಯಲು ಬರುವುದಿಲ್ಲ ಎಂದುಕೊಂಡೆ.

ವರ್ಷ ತುಂಬಿದಾಗ, ಚಿತ್ರಗಳನ್ನು ಗೋಡೆಗೆ ಹಚ್ಚಿ ಊರಿನ ನಾಲ್ಕು ಜನರನ್ನು ಕರೆಯೋಣವೆಂದು ನಾನೇ ಹೇಳಿದೆ. ಹಿಂದಿನ ದಿನ ಮಧ್ಯಾಹ್ನ ಒಬ್ಬನೇ ಕೂತು ಹಾಳೆ ಜೋಡಿಸುವಾಗ ಆ ಖಾಲಿ ಮುಖ ಕಣ್ಣಿಗೆ ಬಿತ್ತು. ನೋಡಿದವರು 'ಮಾಸ್ತರ ಏನು ಕಲಿಸಿದ' ಅಂದಾರು ಎಂದು ಅಂಜಿದೆ. ಹತ್ತು ನಿಮಿಷ ಸಾಕಾಯಿತು. ದೊಡ್ಡ ಕಣ್ಣು, ತೀಡಿದ ಹುಬ್ಬು, ಕೆನ್ನೆಗೆ ತುಸು ಗುಲಾಬಿ.

ಮರುದಿನ ಬಂದವರೆಲ್ಲ ಆ ಚಿತ್ರದ ಮುಂದೆಯೇ ನಿಂತರು. "ಕಣ್ಣು ಎಷ್ಟು ಛಂದ ಬಂದಾವ!" ಎಂದರು. ನಾನು ಹಿಗ್ಗಿದೆ. ನರ್ಸಮ್ಮ ಬಂದು ಬಹಳ ಹೊತ್ತು ನೋಡಿದರು.

"ಈ ಹುಡುಗಿ ಯಾರ್ರಿ ಸರ್?"

ಉತ್ತರಕ್ಕೆ ಕಾಯದೆ ಚಪ್ಪಲಿ ಮೆಟ್ಟಿಕೊಂಡು ಹೋದರು.

ಮುಂದಿನ ಎರಡು ವಾರ ಬರಲಿಲ್ಲ. ವೈದ್ಯೆ ಕೇಳಿದಾಗ, ಮೊಣಕಾಲು ನೋವಂತೆ ಎಂದು ಸುಳ್ಳು ಹೇಳಿದೆ. ಆಮೇಲೆ ನರ್ಸಮ್ಮನವರ ಕೋಣೆ ಹುಡುಕಿಕೊಂಡು ಹೋದೆ. ಚಹಾ ಮಾಡಿ ಕೊಟ್ಟರು. ಸಿಟ್ಟೇ ಇರಲಿಲ್ಲ, ಅದು ಇನ್ನೂ ಕಷ್ಟವಾಯಿತು.

"ಅಕಿ ನನ್ನ ತಂಗಿರಿ. ಕೊಡಂಬಲ ಊರಾಗ ಇದ್ದಾಗ ಜ್ವರ ಬಂದು ಹೋದ್ಳು, ಎಂಟು ವರ್ಷದಾಕಿ. ಫೋಟೋ ಇಲ್ಲ. ಮುಖ ಮರ್ತೀನಿ. ಜಡಿ ಬರ್ದೆ, ಲಂಗ ಬರ್ದೆ, ಹಂಗೇ ಬರ್ಕೋತ ಕುಂತ್ರ ಒಂದಿನ ನೆನಪಾಗ್ತದ ಅಂತ ಕಾಯಾಕತ್ತಿದ್ದೆ. ಈಗ ಕಣ್ಣು ಮುಚ್ಚಿದ್ರ ನೀವು ಬರ್ದ ಮುಖಾನೇ ಬರಾಕತ್ತದ."

"ಅಳಿಸಿ ಕೊಡ್ತೀನ್ರಿ," ಎಂದೆ. ತಪ್ಪಾಯಿತು ಅನ್ನುವ ಮಾತು ಬಾಯಿಗೆ ಬರಲಿಲ್ಲ.

"ಹಾಳಿ ಮ್ಯಾಲಿಂದು ಅಳಸ್ತೀರಿ," ಎಂದು ಚಹಾದ ಲೋಟ ಎತ್ತಿಕೊಂಡು ಎದ್ದರು.

ತಿಂಗಳ ನಂತರ ವೈದ್ಯೆಯ ಒತ್ತಾಯಕ್ಕೆ ಮತ್ತೆ ಬಂದರು. ಹಳೆಯ ಹಾಳೆ ಮುಟ್ಟಲಿಲ್ಲ; ಏನಾದರೂ ಬರೆದು ತೋರಿಸಿ ಎಂದು ನನ್ನನ್ನೇ ಕೇಳಿ, ನಾನು ಹಲಗೆಯ ಮೇಲೆ ಬರೆದ ಹೂಜಿಯನ್ನೋ ಮಾವಿನಹಣ್ಣನ್ನೋ ನೋಡಿ ಹಾಗೆಯೇ ಬರೆಯುವರು. ಪ್ರತಿ ಗೆರೆಗೂ ನನ್ನ ಕಡೆ ತಿರುಗಿ, "ಬರೋಬರಿ ಅದ ಏನ್ರಿ ಸರ್?" ಎಂದು ಕೇಳುವರು.

"ಬರೋಬರಿ ಅದರಿ," ಎನ್ನುತ್ತಿದ್ದೆ, ಬೇರೆಲ್ಲೋ ನೋಡುತ್ತ.