ಹೊಸ್ತಿಲು ದಾಟುವವರೆಗೆ ಕೇಳಬಾರದ ಮಾತು

ಡೊಂಬಿವಲಿಯಲ್ಲಿ ಬೇಸಿಗೆಯ ಮಧ್ಯಾಹ್ನ ತಪ್ಪದೆ ಕರೆಂಟ್ ಹೋಗುತ್ತಿದ್ದ ವರ್ಷಗಳು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಆಗ ಮನೆಗೊಂದೇ ಮೊಬೈಲ್, ಅದೂ ಅಪ್ಪನ ಅಂಗಿ ಜೇಬಿನಲ್ಲಿ. ಫ್ಯಾನು ನಿಂತ ಕೂಡಲೇ ದೂರದ ಸದ್ದುಗಳೆಲ್ಲ ಹತ್ತಿರ ಬರುತ್ತಿದ್ದವು. ಸ್ಟೇಷನ್ನಿನ ಘೋಷಣೆ, ಹಿಂದಿನ ಗಲ್ಲಿಯಲ್ಲಿ ಆಟದ ಡಬ್ಬಿ ಉರುಳುವುದು, ಯಾರದೋ ಅಡುಗೆಮನೆಯಲ್ಲಿ ಬಂಗಡೆ ಹುರಿಯುವುದು. ಬುಧವಾರವಾದರೆ ಇವುಗಳ ನಡುವೆ ಸದಾ ಮಾವನ ಶಿಳ್ಳೆ.

ಮಾವ ಅಮ್ಮನ ತಮ್ಮ. ಠಾಣೆಯ ಮಾಜಿವಾಡಾದ ಒಂದು ಹೋಟೆಲಿನಲ್ಲಿ ದೋಸೆ ಹಾಕುತ್ತಿದ್ದರು, ಅಲ್ಲೇ ಮಹಡಿಯ ಮೇಲೆ ಮಲಗುತ್ತಿದ್ದರು. ಭಾನುವಾರ ಹೋಟೆಲಿನವರಿಗೆ ರಜೆಯೆಲ್ಲಿ? ಅವರ ವಾರದ ರಜೆ ಬುಧವಾರ. ಕರೆಂಟಿಲ್ಲದೆ ಡೋರ್‌ಬೆಲ್ ಸದ್ದು ಮಾಡುತ್ತಿರಲಿಲ್ಲ, ಕೆಳಗಿನ ಗ್ರಿಲ್ ಬಾಗಿಲಿಗೆ ಮಧ್ಯಾಹ್ನ ಬೀಗ. ಅದಕ್ಕೇ ಶಿಳ್ಳೆ. ಮೊದಲು ಉದ್ದಕ್ಕೆ ಒಂದು, ಆಮೇಲೆ ಗಿಡ್ಡಕ್ಕೆ ಎರಡು. ನಾನು ಮೂರನೇ ಮಹಡಿಯ ಕಿಟಕಿಯಿಂದ ಬೀಗದಕೈಯನ್ನು ಹಳೆಯ ಬಟ್ಟೆಚೀಲದಲ್ಲಿ ಹಾಕಿ, ಹಗ್ಗ ಕಟ್ಟಿ ಇಳಿಬಿಡುತ್ತಿದ್ದೆ. ಚೀಲ ಮೇಲೆ ಬರುವಾಗ ಅದರೊಳಗೆ ಏನಾದರೂ ಇರುತ್ತಿತ್ತು. ಎರಡು ಮೈಸೂರು ಪಾಕು, ಇಲ್ಲವೇ ಬಾಳೆಎಲೆಯಲ್ಲಿ ಸುತ್ತಿದ ಗೋಳಿಬಜೆ.

ಆ ವರ್ಷ ನನಗೆ ಹತ್ತು. ಅಪ್ಪನಿಗೆ ರಜೆ ಸಿಗದೆ ನಾವು ಮೇ ತಿಂಗಳಲ್ಲಿ ಊರಿಗೆ ಹೋಗಲಿಲ್ಲ. ಜೊತೆಯ ಮಕ್ಕಳೆಲ್ಲ ಉಡುಪಿಗೆ, ರತ್ನಾಗಿರಿಗೆ ಹೊರಟುಹೋಗಿ ಕಟ್ಟಡದಲ್ಲಿ ನಾನೊಬ್ಬಳೇ. ಕೋಕಂ ಶರಬತ್ತು ಕುಡಿಯುತ್ತ ಬುಧವಾರಕ್ಕಾಗಿ ಕಾಯುವುದೇ ನನ್ನ ಬೇಸಿಗೆ ರಜೆ.

ಆ ಬುಧವಾರಗಳಲ್ಲಿ ಮಾವನ ಕತ್ತು ತಿರುಗುತ್ತಿರಲಿಲ್ಲ. ವರ್ಷಗಟ್ಟಲೆ ಕಾವಲಿಯ ಮುಂದೆ ತಲೆ ಒಂದೇ ಕಡೆ ಬಾಗಿಸಿ ನಿಂತದ್ದಕ್ಕಿರಬೇಕು. ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸುತ್ತಿದ್ದರು. ಠಾಣೆಯ ಡಾಕ್ಟರು ಮಾತ್ರೆ ಕೊಟ್ಟು, ಕತ್ತಿಗೆ ಕಾಲರ್ ಕಟ್ಟಿ, ಹದಿನೈದು ದಿನ ವಿಶ್ರಾಂತಿ ಎಂದಿದ್ದರಂತೆ.

"ಹದಿನೈದು ದಿನ ನಾನು ಮಲಗಿದ್ರೆ ದೋಸೆ ಯಾರು ಹಾಕುದು, ಡಾಕ್ಟ್ರಾ?" ಮಾವ ನಕ್ಕರು. "ಕಾಲರ್ ಕಟ್ಕೊಂಡು ನಿಂತೆ ಅಕ್ಕಾ, ಒಂದು ದಿನ. ಗಿರಾಕಿಗಳು ಕೇಳ್ತಾರೆ, ಅಣ್ಣ, ಸೇಠು ಹೊಡೆದ್ರಾ ಅಂತ."

"ನಗಾಡು ನೀನು," ಅಮ್ಮ ಅಂದರು. "ಕತ್ತು ಒಂದೇ ಇರುದು."

ಆಗ ನಾನು ಹೇಳಿದೆ: "ಮಾವ, ಶಹಾಡಿನ ಅಜ್ಜನ ಹತ್ತಿರ ಹೋಗುವಾ?"

ಇದನ್ನು ಮೊದಲು ಹೇಳಿದ್ದು ನಾನೇ ಎಂಬುದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ಶಹಾಡಿನ ಅಜ್ಜ ಯಾರೆಂದು ಹೇಳಬೇಕಾದರೆ ಐದು ವರ್ಷ ಹಿಂದೆ ಹೋಗಬೇಕು. ಒಂದು ಸಂಜೆ ಮಾವ ನನ್ನ ಕೈ ಹಿಡಿದು ಗಿರಗಿರನೆ ಸುತ್ತಿಸುತ್ತಿದ್ದರು. ಮೊಣಕೈಯಲ್ಲಿ ಏನೋ ಜಾರಿ, ಎಡಗೈ ಒದ್ದೆ ಬಟ್ಟೆಯಂತೆ ಜೋತುಬಿತ್ತು. ನನಗಿಂತ ಜೋರಾಗಿ ಅತ್ತವರು ಮಾವ. ಯಾರೋ ಹೇಳಿದರೆಂದು ನನ್ನನ್ನು ಹೊತ್ತುಕೊಂಡು ಲೋಕಲ್ ಹತ್ತಿ, ಕಲ್ಯಾಣ ದಾಟಿ, ಶಹಾಡಿನಲ್ಲಿ ಕಾರ್ಖಾನೆಗಳ ಹತ್ತಿರ ಕೆಲಸಗಾರರ ಸಾಲುಮನೆಗಳಿದ್ದ ಒಂದು ಚಾಳಿಗೆ ಓಡಿದ್ದರು. ಅಲ್ಲಿದ್ದ ಬಿಳಿಮೀಸೆಯ ಅಜ್ಜ ಹಿಂದೊಮ್ಮೆ ಗೋಕಾಕದ ಕಡೆ ಕುಸ್ತಿ ಆಡಿದವರು, ಇಲ್ಲಿ ಗಿರಣಿಯಲ್ಲಿ ದುಡಿದು ನಿವೃತ್ತರಾದವರು. ನನ್ನ ಕೈಯನ್ನು ಅಂಗೈಯಲ್ಲಿ ಇಟ್ಟುಕೊಂಡು, "ನಿನ್ನ ಹೆಸರೇನವಾ?" ಎಂದು ಕೇಳಿದರು. ಹೆಸರು ಹೇಳಿ ಮುಗಿಸುವುದರೊಳಗೆ ಸಣ್ಣಗೆ ಟಿಕ್ ಎಂದಿತು. ಮರುಕ್ಷಣ ಅವರು ಚಾಚಿದ ಶೇಂಗಾ ಚಿಕ್ಕಿಯನ್ನು ನಾನು ಅದೇ ಕೈಯಿಂದ ತೆಗೆದುಕೊಂಡೆ.

ಆ ಟಿಕ್ ನಮ್ಮ ಮನೆಯಲ್ಲಿ ದೇವರ ಪ್ರಸಾದವಿದ್ದ ಹಾಗೆ. ಮಾವನಂತೂ ಊರಿಂದ ಬಂದಾಗಲೆಲ್ಲ ಅಜ್ಜನಿಗೆ ಒಂದು ಬಾಟಲಿ ತೆಂಗಿನೆಣ್ಣೆ ಮುಟ್ಟಿಸುತ್ತಿದ್ದರು. ಅಜ್ಜ ಅದನ್ನು ಬಿಟ್ಟು ಬೇರೇನನ್ನೂ ತೆಗೆದುಕೊಳ್ಳುತ್ತಿರಲಿಲ್ಲ.

ನನಗೆ ಮಾವನ ಕತ್ತಿಗಿಂತ ರೈಲು ಬೇಕಿತ್ತು, ಬಾಗಿಲ ಬಳಿಯ ಗಾಳಿ ಬೇಕಿತ್ತು, ಚಿಕ್ಕಿ ಬೇಕಿತ್ತು. ಮುಂದಿನ ಬುಧವಾರ ಇಬ್ಬರೂ ಎಣ್ಣೆ ಬಾಟಲಿ ಹಿಡಿದು ಹೊರಟೆವು.

ಅಜ್ಜ ಮಾವನನ್ನು ನೆಲದ ಮೇಲೆ ಕೂರಿಸಿ ಕತ್ತಿಗೆ ಎಣ್ಣೆ ತಿಕ್ಕಿದರು. ಬಿಸಿ ಎಣ್ಣೆ, ಬೆಳ್ಳುಳ್ಳಿ, ಹಳೇ ಕಂಬಳಿಯ ವಾಸನೆ. "ಬಂಡಿ ಎಳಿಯೂ ಎತ್ತಿನ ಕುತ್ತಿಗಿ ಆಗೇತಿ ನಿಂದು," ಎಂದು ಬೈದರು. ಮಾವ ಕಣ್ಣು ಮುಚ್ಚಿ, "ಆಹಾ, ಅಲ್ಲೇ ಅಜ್ಜಾ, ಅಲ್ಲೇ," ಎನ್ನುತ್ತಿದ್ದರು. ಆಮೇಲೆ ಅಜ್ಜ ಒಂದು ಕೈಯಲ್ಲಿ ಗಲ್ಲ, ಇನ್ನೊಂದರಲ್ಲಿ ಹಿಂದಲೆ ಹಿಡಿದು, "ಊರಾಗ ಮಳಿ ಹೆಂಗೈತಿ?" ಎಂದು ಕೇಳಿದರು. ಮಾವ ಬಾಯಿ ತೆರೆದರು. ಅಜ್ಜ ತಲೆಯನ್ನು ಒಂದೇ ಸಲ ತಿರುಗಿಸಿದರು.

ಈ ಸಲ ಅದು ಟಿಕ್ ಅಲ್ಲ. ಒಣಗಿದ ತೆಂಗಿನ ಗರಿ ಮುರಿದ ಹಾಗೆ, ಒಂದರ ಹಿಂದೆ ಒಂದು.

ಮಾವ ಎರಡೂ ಕೈ ನೆಲಕ್ಕೆ ಊರಿದರು. "ಕೋಣೆ ತಿರುಗ್ತದೆ ಅಜ್ಜಾ."

"ಸಿಕ್ಕೊಂಡಿದ್ದ ವಾಯು ಹೊರಗ ಬಂತು. ಸ್ವಲ್ಪ ಹೊತ್ತು ಹಂಗ ಅನಸ್ತದ. ಕುಂದ್ರು." ಅಜ್ಜ ಲಿಂಬು ಪಾನಕ ತರಿಸಿದರು. ಹೊರಡುವಾಗ ನನ್ನ ಕಡೆ ನೋಡಿ ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದರು: "ಮನಿ ಹೊಸ್ತಿಲಾ ದಾಟೂ ತನಾ ಬ್ಯಾನಿ ಐತೇನಂತ ಕೇಳಬ್ಯಾಡ ತಂಗಿ. ಕೇಳಿದ್ರ ಬ್ಯಾನಿ ಹೊಳ್ಳಿ ಬರತದ."

ನೋವಿದೆಯಾ ಎಂದು ಕೇಳಿದರೆ ನೋವು ತಿರುಗಿ ಬರುತ್ತದೆ. ಐದು ವರ್ಷದ ಹಿಂದೆ ಮಾವ ಆ ನಿಯಮ ಪಾಲಿಸಿದ್ದರು. ನನ್ನ ಕೈ ಸರಿಯಾಗಿತ್ತು. ಈಗ ಪಾಲಿಸುವ ಸರದಿ ನನ್ನದು.

ಸ್ಟೇಷನ್ನಿಗೆ ನಡೆಯುವಾಗ ಮಾವ ಎಡಕ್ಕೆ ಎಡಕ್ಕೆ ಸರಿಯುತ್ತಿದ್ದರು, ದಾರಿಯೇ ಆ ಕಡೆಗೆ ಇಳಿಜಾರಾಗಿದೆಯೇನೋ ಎಂಬಂತೆ. ಎರಡು ಸಲ ಗೋಡೆ ಹಿಡಿದರು. ಪ್ಲಾಟ್‌ಫಾರಮಿನಲ್ಲಿ ಬಿಕ್ಕಳಿಕೆ ಶುರುವಾಯಿತು. "ಊರಲ್ಲಿ ಯಾರೋ ನೆನೆಸಿಕೊಳ್ತಾ ಇದ್ದಾರೆ ಮಾವ," ಎಂದು ನಾನು ನಕ್ಕೆ. ಅವರೂ ನಗಲು ನೋಡಿದರು. ನನಗೊಂದು ವಡಾಪಾವ್ ಕೊಡಿಸಿ ತಾವು ಚಹಾ ತೆಗೆದುಕೊಂಡರು. ಒಂದು ಗುಟುಕು ಕುಡಿದದ್ದು ಮೂಗಿನಿಂದ ಹೊರಬಂತು. ಕರವಸ್ತ್ರದಿಂದ ಒರೆಸಿಕೊಂಡು ಉಳಿದ ಚಹಾವನ್ನು ಹಳಿಯ ಮೇಲೆ ಚೆಲ್ಲಿದರು.

ನಾನು ವಡಾಪಾವ್ ತಿನ್ನುತ್ತ ಎಲ್ಲವನ್ನೂ ನೋಡುತ್ತಿದ್ದೆ. ಅದರ ಒಣಚಟ್ನಿಯ ಖಾರ ಇವತ್ತಿಗೂ ನನ್ನ ನಾಲಗೆಗೆ ಹಿಡಿಸುವುದಿಲ್ಲ.

ರೈಲಿನಲ್ಲಿ ಸೀಟು ಸಿಕ್ಕಿತು. ಮಾವ ಕಿಟಕಿಗೆ ತಲೆ ಆನಿಸಿದರು. ಅವರ ಎಡಗಣ್ಣಿನ ರೆಪ್ಪೆ ಅರ್ಧ ಇಳಿದಿತ್ತು. ಕಲ್ಯಾಣ ಬಂತು. ಅಲ್ಲಿ ಗಾಡಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ. ಜನ ಇಳಿದರು, ಹತ್ತಿದರು. ಅಷ್ಟು ದೊಡ್ಡ ಊರು, ಅಷ್ಟೊಂದು ಆಸ್ಪತ್ರೆಗಳು. ನಾನು ಬಾಯಿ ತೆರೆದೆ. ಅಜ್ಜನ ಮಾತು ನೆನಪಾಗಿ ಮುಚ್ಚಿದೆ. ಗಾಡಿ ಹೊರಟಿತು. ಕಾಲೇಜಿಗೆ ಹೋಗುತ್ತಿದ್ದ ವರ್ಷಗಳಲ್ಲಿ, ಆಮೇಲೆ ಕೆಲಸಕ್ಕೆ ಹೋಗುವಾಗ, ಆ ಪ್ಲಾಟ್‌ಫಾರಮಿನಲ್ಲಿ ಎಷ್ಟು ಸಲ ನಿಂತಿದ್ದೇನೋ. ಪ್ರತಿ ಸಲವೂ ಒಂದು ಗಾಡಿಯಿಂದ ನಾನು ಮಾವನ ಕೈ ಹಿಡಿದು ಇಳಿಯುತ್ತೇನೆ.

ಠಾಕುರ್ಲಿಯ ಹತ್ತಿರ ಸಿಗ್ನಲ್ ಸಿಗದೆ ಗಾಡಿ ನಿಂತುಬಿಟ್ಟಿತು. ಡೊಂಬಿವಲಿ ಅದರ ಮುಂದಿನ ಸ್ಟೇಷನ್. ಮನೆಯ ಹೊಸ್ತಿಲು ಅಬ್ಬಬ್ಬಾ ಎಂದರೆ ಅರ್ಧ ಗಂಟೆ. ಮಾವ ತಮ್ಮ ಕೆನ್ನೆಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಮಾವ, ನೋವುಂಟಾ?"

ಅವರು ಇಡೀ ಮೈ ತಿರುಗಿಸಿ ನನ್ನನ್ನು ನೋಡಿದರು. ದನಿ ಯಾರದೋ ಆಗಿತ್ತು, ಒಡೆದ ದನಿ. "ನೋವು ಅಂತ ಅಲ್ಲ ಮಗಾ. ಈ ಬದಿಯ ಮುಖ ಎಲ್ಲಿ ಉಂಟು ಅಂತ ಗೊತ್ತಾಗ್ತಾ ಇಲ್ಲ."

ನಾನು ಅಳತೊಡಗಿದೆ. ಎದುರು ಕುಳಿತಿದ್ದ ಹೆಂಗಸು, ಯಾವುದೋ ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡುವವರು, ಎದ್ದು ಬಂದು ಮಾವನ ಮುಖ ಎತ್ತಿ ನೋಡಿದರು. "ಭಾವು, ಘರ್ ನಹೀ ಜಾನೇಕಾ. ಸೀಧಾ ಹಾಸ್ಪಿಟಲ್." ಡೊಂಬಿವಲಿಯಲ್ಲಿ ಅವರೇ ಇಬ್ಬರು ಹುಡುಗರನ್ನು ಕರೆದು ಮಾವನನ್ನು ಇಳಿಸಿದರು, ರಿಕ್ಷಾ ಹತ್ತಿಸಿ ಆಸ್ಪತ್ರೆಯವರೆಗೆ ಜೊತೆಗೇ ಬಂದರು. ಅವರ ಹೆಸರು ಕೇಳಲೇ ಇಲ್ಲ ನಾವು.

ಅಮ್ಮ ಓಡಿ ಬರುವ ಹೊತ್ತಿಗೆ ಡಾಕ್ಟರು ಮಾವನನ್ನು ಪರೀಕ್ಷಿಸಿ ಆಗಿತ್ತು. "ಇವರ ಕತ್ತನ್ನು ಯಾರಾದರೂ ತಿರುಗಿಸಿದರಾ?" ಎಂದು ಹಿಂದಿಯಲ್ಲಿ ಕೇಳಿದರು. ಮಾವ ಬೇಡ ಎನ್ನುವಂತೆ ಕೈ ಆಡಿಸಿದರು. ಅಜ್ಜನಿಗೆ ತೊಂದರೆಯಾಗಬಾರದಿತ್ತು ಅವರಿಗೆ. ನಾನು ಹೌದು ಎಂದೆ. ಕತ್ತಿನ ಮೂಳೆಗಳ ಒಳಗಿಂದ ತಲೆಗೆ ರಕ್ತ ಒಯ್ಯುವ ನಾಳವಿರುತ್ತದೆ, ತಿರುಗಿಸಿದ ರಭಸಕ್ಕೆ ಅದರ ಒಳಪದರ ಸೀಳಿದೆ, ಅಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿನ ಒಂದು ಭಾಗಕ್ಕೆ ಹೋಗುವುದು ನಿಂತಿದೆ ಎಂದು ಸ್ಕ್ಯಾನ್ ಆದ ಮೇಲೆ ಡಾಕ್ಟರು ಕಾಗದದ ಮೇಲೆ ಗೀಚಿ ತೋರಿಸಿದರು. ನಾಲ್ಕು ದಿನ ಏನನ್ನೂ ಹೇಳಲಾಗದು ಎಂದರು.

ಆ ನಾಲ್ಕು ದಿನ ಎದುರುಮನೆಯ ಶಾಂತಕ್ಕ ನನಗೆ ಊಟ ಹಾಕಿದರು. ಬಡಿಸುತ್ತ ಒಮ್ಮೆ, "ನೀನು ದಾರಿಯಲ್ಲಿ ಕೇಳಿದ್ಯಂತೆ ಹೌದಾ? ಹೊಸ್ತಿಲು ದಾಟುವವರೆಗೆ ಬಾಯಿ ಮುಚ್ಚಿ ಕೂತ್ಕೊಳ್ಳಿಕ್ಕೆ ಆಗ್ಲಿಲ್ವಾ ನಿನಗೆ?" ಎಂದರು. ಕೆಟ್ಟ ಹೆಂಗಸಲ್ಲ. ಹಾಗೆ ನಂಬಿದ್ದರು. ನಾನೂ ನಂಬಿದೆ. ನಾನು ಬೇಗ ಕೇಳಿದ್ದಕ್ಕೆ ಹೀಗಾಯಿತೋ, ತಡವಾಗಿ ಕೇಳಿದ್ದಕ್ಕೋ ಎಂದು ಅನ್ನ ಕಲಸುತ್ತ ಕುಳಿತಿರುತ್ತಿದ್ದೆ.

ಮಾವ ಉಳಿದರು. ಮೂಗಿನ ನಳಿಗೆಯಲ್ಲಿ ಗಂಜಿ ಕುಡಿಯುತ್ತಿದ್ದಾಗ ಅಜ್ಜ ಒಂದು ದಿನ ಮಗನ ಹೆಗಲು ಹಿಡಿದು ಬಂದರು. ಅಮ್ಮ ಮುಖ ತಿರುಗಿಸಿ ಹೊರಗೆ ಹೋದರು. ಅಜ್ಜ ನನಗೆ ಹೇಳಿದರು, "ನಿನ್ನ ಮೊಣಕೈ ಕೂಡಿಸಿದ ಕೈ ಅಂತ ಸೊಕ್ಕು ಇತ್ತು ತಂಗಿ ನನಗ. ಇನ್ನ ಯಾರ ಕುತ್ತಿಗೀನೂ ಮುಟ್ಟಂಗಿಲ್ಲ." ಮಾವ ಹಾಸಿಗೆಯಿಂದ ಕೈ ಎತ್ತಿ ಅವರಿಗೆ ಮುಗಿದರು. ಅದು ಕ್ಷಮೆಯೋ ಅಭ್ಯಾಸವೋ ನನಗೆ ತಿಳಿಯಲಿಲ್ಲ.

ಇಂಥ ಚಿಕಿತ್ಸೆಗಳಿಂದ ನಿಜವಾಗಿ ಗುಣವಾಗುತ್ತದೆಯೇ ಎಂದು ಈಗಲೂ ಜನ ನನ್ನನ್ನು ಕೇಳುತ್ತಾರೆ, ಕತ್ತು ನೋಯುವವರು ಹೆಚ್ಚಾಗಿ. ಈಗ ಹವಾನಿಯಂತ್ರಿತ ಕೋಣೆಗಳಲ್ಲಿ, ಬಿಳಿ ಕೋಟು ತೊಟ್ಟವರೂ ತಿರುಗಿಸಿಕೊಡುತ್ತಾರೆ. ಮೊಬೈಲಿನಲ್ಲಿ ಅದರ ವಿಡಿಯೊ ಹರಿದಾಡುತ್ತದೆ. ನನ್ನ ಕೈ ಗುಣವಾದದ್ದು ಸುಳ್ಳಲ್ಲ. ಮಕ್ಕಳ ಮೊಣಕೈ ಹಾಗೆ ಜಾರುವುದು, ಪಳಗಿದ ಕೈ ತಾಗಿದರೆ ಕೂತುಬಿಡುವುದು ಸಾಮಾನ್ಯ, ಡಾಕ್ಟರೂ ಅದನ್ನೇ ಮಾಡುತ್ತಾರೆ ಎಂದು ಬಹಳ ತಡವಾಗಿ ಓದಿ ತಿಳಿದೆ. ನಾವು ಮಾಡಿದ ತಪ್ಪು, ಆ ಒಂದು ಟಿಕ್ಕನ್ನು ನಂಬಿ ಕತ್ತನ್ನು ಒಪ್ಪಿಸಿದ್ದು. ಅದಕ್ಕಿಂತ ದೊಡ್ಡದು, ಏನಾಗುತ್ತಿದೆ ಎಂದು ಕೇಳುವುದನ್ನೇ ನಿಷೇಧಿಸುವ ಮಾತನ್ನು ಔಷಧವೆಂದು ತಿಳಿದದ್ದು. ಕೇಳಿದವರಿಗೆ ಇಷ್ಟು ಹೇಳುತ್ತೇನೆ. ಕೆಲವರು ಹೋಗುವುದಿಲ್ಲ, ಕೆಲವರು ಹೋಗಿ ಹಗುರಾಗಿ ಬಂದು ನನ್ನನ್ನು ನೋಡಿ ನಗುತ್ತಾರೆ.

ಮಳೆ ಹಿಡಿದು ಶಾಲೆ ಶುರುವಾದ ಮೇಲೆ ಒಂದು ಬುಧವಾರ ಕರೆಂಟ್ ಹೋಯಿತು. ಕಿಟಕಿಗೆ ಹೋದೆ. ಕೆಳಗೆ ಮಾವ ಕೋಲು ಹಿಡಿದು ನಿಂತಿದ್ದರು. ತುಟಿ ಕೂಡಿಸಿ ಊದಿದರು. ಬರೀ ಗಾಳಿ, ಅದೂ ಮೂಗಿನಿಂದ. ಇನ್ನೊಮ್ಮೆ ಊದಿದರು. ಆಮೇಲೆ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಚಪ್ಪಾಳೆ ತಟ್ಟಿದರು, ಮೊದಲು ಒಂದು, ಆಮೇಲೆ ಬೇಗ ಬೇಗ ಎರಡು. ನಾನು ಚೀಲ ಇಳಿಬಿಟ್ಟೆ.

ಮೇಲೆ ಬಂದು ದಣಿವಾರಿಸಿಕೊಂಡು ಅವರು ಹೇಳಿದ್ದು: "ನೀನು ಕೇಳದಿದ್ರೆ ನಾನು ಮನೆವರೆಗೆ ಹೇಳ್ತಿರ್ಲಿಲ್ಲ ಮಾರಾಯ್ತಿ. ಮನೆಗೆ ಬಂದು ಮಲಗ್ತಿದ್ದೆ. ಏಳ್ತಿರ್ಲಿಲ್ಲ."

ಆ ಮಾತಿನಿಂದ ನನ್ನ ಅರ್ಧ ಭಾರ ಇಳಿಯಿತು. ಉಳಿದರ್ಧ ಕಲ್ಯಾಣದ ಪ್ಲಾಟ್‌ಫಾರಮಿನಲ್ಲಿದೆ.

ಆ ಕಟ್ಟಡ ಈಗಿಲ್ಲ. ಅದೇ ಜಾಗದಲ್ಲಿ ಹದಿನಾಲ್ಕು ಮಹಡಿಯ ಟವರ್ ಎದ್ದಿದೆ, ನಮಗೆ ಹನ್ನೊಂದನೆಯದು ಬಂದಿದೆ. ಮಾವ ಕಾವಲಿ ಬಿಟ್ಟು ಅದೇ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾರೆ, ಬುಧವಾರ ಬರುತ್ತಾರೆ. ವಾಚ್‌ಮನ್ ಇಂಟರ್‌ಕಾಮಿನಲ್ಲಿ, "ಮಾಮಾ ಆಯೇ ಹೈ," ಎನ್ನುತ್ತಾನೆ. ಮಾವ ಸೋಫಾದಲ್ಲಿ ಕೂರುವ ಮುಂಚೆಯೇ ನಾನು, ನೋವುಂಟಾ, ತಲೆ ತಿರುಗ್ತದಾ, ನೀರು ಸರಿಯಾಗಿ ಇಳೀತದಾ ಎಂದು ಕೇಳುತ್ತೇನೆ. "ಒಳಗೆ ಬರ್ಲಿಕ್ಕಾದ್ರೂ ಬಿಡು ಮಾರಾಯ್ತಿ," ಎಂದು ಆ ಒಡೆದ ದನಿಯಲ್ಲಿ ನಗುತ್ತಾರೆ.

ಕರೆಂಟ್ ಈಗ ಹೋಗುವುದಿಲ್ಲ. ಹೋದರೂ ಜನರೇಟರ್ ತಕ್ಷಣ ಗುಡುಗತೊಡಗುತ್ತದೆ. ಬಟ್ಟೆಚೀಲ ಕಪಾಟಿನಲ್ಲಿದೆ, ಹಗ್ಗ ಇನ್ನೂ ಅದಕ್ಕೇ ಕಟ್ಟಿದೆ. ಹನ್ನೊಂದನೇ ಮಹಡಿಯಿಂದ ನೆಲ ಮುಟ್ಟುವಷ್ಟು ಉದ್ದವಿಲ್ಲ ಅದು.