ಸವಳು ಮಣ್ಣಿನ ದೇವಕ್ಕ

ಹಳೇ ಹುಬ್ಬಳ್ಳಿಯ ಮಣ್ಣಿನ ಮಾಳಿಗೆಯ ಮನೆಗಳು ಮಳೆಗಾಲದಲ್ಲಿ ಸೋರುತ್ತಿರಲಿಲ್ಲವೆಂದರೆ ಅದು ದೇವಕ್ಕನ ಪುಣ್ಯ. ಪ್ರತಿ ಬೇಸಿಗೆ ಹಳ್ಳದ ದಂಡೆಯ ಸವಳು ಮಣ್ಣನ್ನು ತಂದು ಮಾಳಿಗೆಗೆ ಹಾಸುವುದು ಅವಳ ಕಸುಬು. ಯಾವ ತಗ್ಗಿನ ಮಣ್ಣು ನೀರು ತಡೆಯುತ್ತದೆ, ಯಾವುದು ಕೈಕೊಡುತ್ತದೆ ಎಂಬುದನ್ನು ನಾಲಿಗೆಗೆ ಇಟ್ಟು ಹೇಳುತ್ತಿದ್ದಳು. ನೋಡಿದವರು ಮೂಗು ಮುರಿಯುತ್ತಿದ್ದರು. ಮುಂಗಾರಿನ ಮಿರಗದ ಮಳೆ ಹತ್ತಿರ ಬಂದಾಗ ಅವರೇ ಅವಳ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

೧೯೩೬ರ ಬೇಸಿಗೆಯಲ್ಲಿ ಪಕ್ಕದ ಮನೆಯ ಮಾಬೂಬಿಯ ಮಗ ಬಂದೇನವಾಜ ಕಾಣೆಯಾದ. ದುರ್ಗದಬೈಲಿನ ಅರ್ಜುನಪ್ಪ ಸಾಹುಕಾರರ ಸೀರೆಗಂಟುಗಳನ್ನು ಚಕ್ಕಡಿಯಲ್ಲಿ ಹೇರಿಕೊಂಡು ನವಲಗುಂದಕ್ಕೆ ಹೊರಟವನು. ಮರುದಿನ ಎತ್ತುಗಳು ಖಾಲಿ ಚಕ್ಕಡಿ ಎಳೆದುಕೊಂಡು ತಾವೇ ಮನೆಗೆ ಬಂದವು. ಪೊಲೀಸ್ ಫೌಜದಾರರು ಎರಡು ದಿನ ರಸ್ತೆಯನ್ನೆಲ್ಲ ಜಾಲಾಡಿದರು. ಏನೂ ಸಿಗಲಿಲ್ಲ. ಹುಡುಗ ಮಾಲು ಹೊಡೆದುಕೊಂಡು ಓಡಿಹೋದ ಎಂದರು ಸಾಹುಕಾರರು. ಓಣಿಗೂ ಅಷ್ಟೇ ಸಾಕಾಯಿತು.

ಮಾಬೂಬಿ ಅನ್ನ ನೀರು ಬಿಟ್ಟಳು. "ಅಂವಾ ಸತ್ತಿರಲಿ, ಬದುಕಿರಲಿ, ನನ್ನ ಮಗ ಕಳ್ಳ ಅನ್ನಿಸ್ಕೋಬಾರ್ದು ದೇವಕ್ಕಾ," ಎಂದಳು.

ಮೂರನೆಯ ದಿನ ಫೌಜದಾರರು ಸೀರೆ ಹುಡುಕಲು ಮಾಬೂಬಿಯ ಮನೆಗೇ ಬಂದರು. ಹಿಟ್ಟಿನ ಡಬ್ಬಿಯಲ್ಲೂ ಕೈಯಾಡಿಸಿದರು. ಇದನ್ನು ನೋಡಲಾರದೆ ದೇವಕ್ಕ ಅಂಗಳಕ್ಕೆ ಬಂದು ಚಕ್ಕಡಿಯ ಹತ್ತಿರ ನಿಂತಳು. ಗಾಲಿಯ ಅರಗಳ ಸಂದಿಯಲ್ಲಿ ಬೂದಿ ಬಣ್ಣದ ಮಣ್ಣು ಒಣಗಿ ಹತ್ತಿತ್ತು. ಉಗುರಿನಿಂದ ಕೆರೆದು ನಾಲಿಗೆಗೆ ಇಟ್ಟಳು.

"ಏನವ್ವಾ, ಮಣ್ಣ ತಿನ್ನಾಕತ್ತಿ, ಉಪವಾಸ ಏನು?" ಎಂದರು ಹೊರಗೆ ಬಂದ ಫೌಜದಾರರು. ಪೊಲೀಸರು ನಕ್ಕರು.

ದೇವಕ್ಕ ನಗಲಿಲ್ಲ. "ನಿಮ್ಮ ರಸ್ತೆದಾಗ ಈಗ ಹಸಿ ಮಣ್ಣ ಎಲ್ಲೈತ್ರಿ ಸಾಹೇಬ್ರ? ಇದು ಸವಳು. ಈ ಸುತ್ತ ಸವಳು ಸಿಗೂದು ಮೂರ ಕಡಿ. ಎರಡು ಕಡಿ ಉಸುಕು ಕೂಡಿರತೈತಿ. ಇದು ಬೆಣ್ಣಿಯಂಗ ಐತಿ. ಹಳ್ಳದ ತಿರುವಿನ ಹಳೇ ತಗ್ಗಿಂದು. ದಂಡಿ ಕುಸದು ಆರು ವರ್ಷಾತು, ಆಮ್ಯಾಲೆ ಅಲ್ಲಿಗೆ ಒಂದು ಚಕ್ಕಡೀನೂ ಹೋಗಿಲ್ಲ. ಬ್ಯಾಸಗ್ಯಾಗೂ ಅಲ್ಲಿ ನೀರು ಜಿನಗತೈತಿ."

ಫೌಜದಾರರ ನಗು ನಿಂತಿತು. "ರಸ್ತೆಯಿಂದ ಎಷ್ಟು ದೂರ?"

"ಎರಡು ಮೈಲು ಒಳಗ. ನಡ್ರಿ, ತೋರಸ್ತೀನಿ."

ಅಂದು ಪೊಲೀಸರು ಹಿಂದೆ, ಮಣ್ಣು ಹೊರುವ ದೇವಕ್ಕ ಮುಂದೆ. ಜಾಲಿಯ ಮರೆಯಲ್ಲಿ ಗಾಲಿಯ ಗುರುತು ಇತ್ತು. ತಗ್ಗಿನ ಮೂಲೆಯಲ್ಲಿ ಹೊಸದಾಗಿ ಎಳೆದ ಮಣ್ಣಿನ ಗುಡ್ಡೆಯಿತ್ತು. ಅದರ ಕೆಳಗೆ ಬಂದೇನವಾಜನಿದ್ದ. ತಲೆ ಒಡೆದಿತ್ತು. ಬಲಗೈ ಮುಷ್ಟಿಯಲ್ಲಿ ಸೀರೆಗಂಟಿನ ಹಗ್ಗದ ತುಂಡು ಹಾಗೇ ಉಳಿದಿತ್ತು. ಕಿತ್ತುಕೊಳ್ಳಲು ಬಂದವರು ಹಗ್ಗವನ್ನು ಕೊಯ್ಯಬೇಕಾಯಿತೇ ಹೊರತು ಅವನ ಮುಷ್ಟಿ ಬಿಡಿಸಲಾಗಿರಲಿಲ್ಲ. ಪಂಚನಾಮೆಯಲ್ಲಿ ಫೌಜದಾರರು ತಾವಾಗಿಯೇ ಜಾಗ ತೋರಿಸಿದವಳೆಂದು ದೇವಕ್ಕನ ಹೆಸರು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡರು.

ಹೆಣ ಮನೆಗೆ ಬಂದಾಗ ಅರ್ಜುನಪ್ಪ ಸಾಹುಕಾರರೂ ಬಂದರು. ರುಮಾಲು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತರು. "ತಪ್ಪಾತವ್ವಾ. ನಿನ್ನ ಮಗನ್ನ ಕಳ್ಳ ಅಂದೆ."

ಮಾಬೂಬಿ ಕಣ್ಣು ಒರೆಸಿಕೊಂಡಳು. "ನನ್ನ ಮುಂದ ಬ್ಯಾಡ್ರಿ. ಒಳಗ ಮಲಗ್ಯಾನ, ಅವನ ಮುಂದ ಹೇಳ್ರಿ."

ಸಾಹುಕಾರರು ಒಳಗೆ ಹೋಗಿ, ಬಾಗಿ, ಓಣಿಯ ಮಂದಿಗೆಲ್ಲ ಕೇಳುವಂತೆ ಅದೇ ಮಾತು ಹೇಳಿದರು. ಆಮೇಲೆ ಜನಾಜಾದ ಮಂಚಕ್ಕೆ ಹೆಗಲು ಕೊಟ್ಟರು. ಗೋಡೆಗೆ ಒರಗಿ ನಿಂತ ದೇವಕ್ಕನಿಗೆ ಅಳು ಬಂತು. ಆದರೂ ತಲೆ ಎತ್ತಿಕೊಂಡೇ ನಿಂತಿದ್ದಳು.