ಅಕ್ಕ ನಂಬುವಂಥ ಬ್ಯಾಟರಿ

ದೇವರ ಮುಂದೆ ನಿಂತಾಗ ನನ್ನ ಮನಸ್ಸು ಅಂಗಡಿ, ಗಿರಾಕಿ, ಮಧ್ಯಾಹ್ನದ ಊಟ ಎಂದು ಊರೆಲ್ಲ ಸುತ್ತಿ ಬರುತ್ತದೆ. ನನಗೆ ನಿಜವಾದ ಏಕಾಗ್ರತೆ ಬರುವುದು ಕಾರಿನ ಕೀಲಿ ತಿರುಗಿಸುವಾಗ. ಉಸಿರು ಬಿಗಿಹಿಡಿದು, ಮನೆದೇವರನ್ನು ನೆನೆದು, ಮೆಲ್ಲಗೆ ತಿರುಗಿಸುತ್ತೇನೆ. ಹಿಂದಿನ ಬೇಸಿಗೆಯಲ್ಲಿ ಈ ಭಕ್ತಿಯೂ ಸಾಕಾಗಲಿಲ್ಲ. ಕಾರು ಎರಡು ಸಲ ಕೆಮ್ಮಿ ಸುಮ್ಮನಾಗತೊಡಗಿತು.

ನಾನು ಚಿಕ್ಕವನಿದ್ದಾಗ ನಮ್ಮ ಕಡೆ ಬ್ಯಾಟ್ರಿ ಎಂದರೆ ಕೈಯಲ್ಲಿ ಹಿಡಿಯುವ ಟಾರ್ಚು. ಅದರ ಸೆಲ್ಲುಗಳು ಸೊರಗಿದರೆ ಅಪ್ಪ ಮಾಳಿಗೆಯ ಮೇಲೆ ಹಪ್ಪಳದ ಪಕ್ಕದಲ್ಲಿ ಅವನ್ನೂ ಒಣಗಲು ಇಡುತ್ತಿದ್ದ. ಸಂಜೆಗೆ ಅವು ಹೇಗೋ ಮತ್ತೆ ಬೆಳಗುತ್ತಿದ್ದವು. ಕಾರಿನ ಬ್ಯಾಟರಿಯನ್ನೂ ಹಾಗೇ ಬಿಸಿಲಿಗಿಟ್ಟರೆ ಹೇಗೆ ಎಂದು ನಾನು ಯೋಚಿಸಿದ್ದು ಸುಳ್ಳಲ್ಲ. ನಮ್ಮೂರು ಮಸ್ಕಿಯಲ್ಲಿ ಬಿಸಿಲಿಗೇನು ಬರವೇ? ಆಮೇಲೆ ಗೊತ್ತಾಯಿತು, ಕಾರಿನ ಬ್ಯಾಟರಿಯ ಆಯುಷ್ಯ ತಿನ್ನುವುದೇ ಈ ಬಿಸಿಲು.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಲಿಂಗಸುಗೂರಿನಲ್ಲಿರುವ ನನ್ನ ಅಕ್ಕ ನೀಲಮ್ಮನಿಗೆ ಆಗಷ್ಟೇ ಮೊಮ್ಮಗಳು ಹುಟ್ಟಿದ್ದಳು. ಬಾಣಂತಿ ಸೊಸೆ ಸಿಂಧನೂರಿನ ತವರಲ್ಲಿದ್ದಳು. ಕೂಸನ್ನು ತೊಟ್ಟಿಲಿಗೆ ಹಾಕುವುದೂ ಅಲ್ಲೇ. ಮನೆಮಂದಿಯೆಲ್ಲ ಬೆಳಿಗ್ಗೆಯೇ ಹೊರಟರೂ ಅಕ್ಕ ಮಾತ್ರ "ನಾ ನಮ್ಮ ತಮ್ಮನ ಗಾಡ್ಯಾಗ ಬರ್ತೀನಿ" ಎಂದು ಹಟ ಹಿಡಿದು ಉಳಿದಿದ್ದಳು. ನಾನು ಹೋದೆ, ಅವಳ ಬಾಗಿಲಲ್ಲಿ ಕಾರು ಬಂದ್ ಮಾಡಿದೆ, ಚಹಾ ಕುಡಿದೆ. ಅಕ್ಕ ಇಳಕಲ್ ಸೀರೆಯುಟ್ಟು, ಕೂಸಿನ ಅಂಗಿ ಕುಲಾಯಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಕೀಲಿ ತಿರುಗಿಸಿದರೆ ಕಾರು ಕೆಮ್ಮಲೂ ಇಲ್ಲ. ಓಣಿಯವರೆಲ್ಲ ಸೇರಿ ದಬ್ಬಿದರು. ಓಣಿ ಮುಗಿಯಿತೇ ಹೊರತು ಕಾರು ಚಾಲೂ ಆಗಲಿಲ್ಲ. ಕೊನೆಗೆ ಅಕ್ಕ ಇಳಿದು, ಗಂಟನ್ನು ಕಂಕುಳಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡಿನತ್ತ ನಡೆದಳು.

ನಮ್ಮ ಬಳಗದಲ್ಲಿ ಜೋಗುಳ ಎಂದರೆ ನೀಲಮ್ಮಕ್ಕ. ಊರಿನ ಎಷ್ಟೋ ತೊಟ್ಟಿಲುಗಳಿಗೆ ಹಾಡಿದವಳು, ತನ್ನ ಮೊಮ್ಮಗಳ ತೊಟ್ಟಿಲ ಹತ್ತಿರ ಹೋಗುವಷ್ಟರಲ್ಲಿ ಹಾಡು ಮುಗಿದು, ಹೆಸರಿಟ್ಟು, ಮಂದಿ ಊಟಕ್ಕೆ ಕೂತಿದ್ದರು. ನನ್ನನ್ನು ಅವಳು ಬೈಯಲಿಲ್ಲ. ಮರುದಿನ ಫೋನಿನಲ್ಲಿ ಒಂದೇ ಮಾತು: "ತಮ್ಮಾ, ಇನ್ನ ನಿನ್ನ ಗಾಡ್ಯಾಗ ನಾ ಕುಂದ್ರಂಗಿಲ್ಲ." ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನನಗೆ ಬಹಳ ನೋವಾಯಿತು.

ಹೀಗಾಗಿ ನನಗೆ ಬೇಕಾದದ್ದು ಬರೀ ಬ್ಯಾಟರಿಯಲ್ಲ, ಅಕ್ಕ ಮತ್ತೆ ನಂಬಿ ಕೂರುವಂಥ ಬ್ಯಾಟರಿ. ಅಂಥದ್ದು ಯಾವುದೆಂದು ಕೇಳಿದರೆ ಮಸ್ಕಿಯಲ್ಲಿ ಸಲಹೆಗೆ ಬಡತನವಿಲ್ಲ. ಹೃದ್ರೋಗ, ಜಮೀನು ವ್ಯಾಜ್ಯ, ಬ್ಯಾಟರಿ ಈ ಮೂರರ ಬಗ್ಗೆ ನಮ್ಮಲ್ಲಿ ಪ್ರತಿಯೊಬ್ಬನೂ ತಜ್ಞ. ನೆರೆಮನೆಯ ಮಲ್ಲಪ್ಪನ ಬಳಿ ಟ್ರ್ಯಾಕ್ಟರ್ ಇದೆ. ಆದ್ದರಿಂದ ಅವನ ಮಾತಿಗೆ ತೂಕ ಹೆಚ್ಚು.

"ಅಣ್ಣಾ, ಸಣ್ಣದು ತರಬ್ಯಾಡ. ಟ್ರ್ಯಾಕ್ಟರ್‌ದ ಹಾಕ್ಸಿಬಿಡು. ಅಂಥಾ ಟ್ರ್ಯಾಕ್ಟರನ್ನ ಎಬ್ಬಸ್ತೈತಿ, ನಿನ್ನ ಕಾರೇನ್ ಲೆಕ್ಕ? ಹೊಳ್ಳಿ ನೋಡಂಗಿಲ್ಲ."

ನನಗೆ ಇದು ಪರಮ ತರ್ಕಶುದ್ಧವಾಗಿ ಕಂಡಿತು. ಲಿಂಗಸುಗೂರಿನಿಂದ ಎಳೆಸಿ ತಂದ ಕಾರು ಮನೆ ಮುಂದೆ ಮಲಗಿದ್ದರಿಂದ ಬಸ್ಸು ಹಿಡಿದು ಸಿಂಧನೂರಿಗೆ ಹೋದೆ. ಕಾಲುವೆ ನೀರು, ಭತ್ತ, ಟ್ರ್ಯಾಕ್ಟರುಗಳ ಊರದು. ಬ್ಯಾಟರಿ ಅಂಗಡಿಯ ಕಪಾಟಿನಲ್ಲಿ ದೊಡ್ಡವೇ ಎದುರಿಗೆ ಕೂತಿದ್ದವು. "ಹಳೇ ಬ್ಯಾಟ್ರಿ ತಂದೀರೇನ್ರಿ?" ಎಂದು ಅಂಗಡಿಯವರು ಕೇಳಿದರು. ಇಲ್ಲ ಎಂದೆ. "ಯಾವುದಕ್ಕ ಹಾಕ್ತೀರಿ?" ಎಂದರು. ಮಲ್ಲಪ್ಪನ ತಜ್ಞತೆಯನ್ನು ಯಾರೂ ಪ್ರಶ್ನಿಸುವುದು ಬೇಡವೆಂದು "ಟ್ರ್ಯಾಕ್ಟರಿಗೆ" ಎಂದು ಬಿಟ್ಟೆ. ಆಮೇಲೆ ನನ್ನ ಅಂಗಡಿಗೆ ಬರುವ ಗಿರಾಕಿಗಳು ಯಾವ ಪ್ರಶ್ನೆ ಕೇಳಿದರೆ ನಾನು ಒಳಗೊಳಗೇ ನಗುತ್ತೇನೋ ಅದನ್ನೇ ಕೇಳಿದೆ: "ಗ್ಯಾರಂಟಿ ಐತೇನ್ರಿ?"

ನನ್ನದು ಬಟ್ಟೆ ಅಂಗಡಿ ಎಂದು ಹೇಳಲು ಮರೆತೆ. ಬೇಕೆಂದೇ ಮರೆತಿರಬೇಕು. ಯಾಕೆಂದರೆ ಜೀವನವಿಡೀ ಟೇಪು ಕೊರಳಿಗೆ ಹಾಕಿಕೊಂಡು, "ಅಳತಿ ಕುಪ್ಪಸ ತರ್ರೀ ತಂಗಿ, ಅಂದಾಜಿನ್ಯಾಗ ಹರಿಯಾಕ ಬರಂಗಿಲ್ಲ" ಎಂದು ಹೆಣ್ಣುಮಕ್ಕಳಿಗೆ ಉಪದೇಶ ಮಾಡಿದವನು, ಅಂದಾಜಿನಲ್ಲಿ ಬ್ಯಾಟರಿ ಕೊಂಡು, ಅದನ್ನು ಬಸ್ಸಿನಲ್ಲಿ ಎರಡು ಕಾಲುಗಳ ನಡುವೆ ಇಟ್ಟುಕೊಂಡು ಊರಿಗೆ ಬಂದೆ. ಕಂಡಕ್ಟರು ಅದನ್ನೂ ನನ್ನನ್ನೂ ನೋಡಿ ಮುಂದೆ ಹೋದ.

ಮಲ್ಲಪ್ಪ ಬೋಲ್ಟು ಬಿಚ್ಚುವ ಪಾನಾ ಹಿಡಿದು ಬಂದ. ಬ್ಯಾಟರಿ ಕೂರುವ ತಟ್ಟೆ ಸಣ್ಣದು, ಬ್ಯಾಟರಿ ದೊಡ್ಡದು. ಓರೆಯಾಗಿ ಇಟ್ಟರೆ ಬಾನೆಟ್ ಮುಚ್ಚಲಿಲ್ಲ. ತಿರುಗಿಸಿ ಇಟ್ಟರೆ ವಾಯರು ಗೇಣುದ್ದ ದೂರ ಉಳಿಯಿತು. ಕಾರಿನಲ್ಲಿ ಪ್ಲಸ್ ಇರುವ ಕಡೆ ಇದರಲ್ಲಿ ಮೈನಸ್. ಮಲ್ಲಪ್ಪ ತುಂಬಾ ಹೊತ್ತು ತಲೆ ಕೆರೆದುಕೊಂಡು, "ಅಣ್ಣಾ, ಕಾರಿಂದ ತಪ್ಪೈತಿ ನೋಡು" ಎಂದು ತೀರ್ಪು ಕೊಟ್ಟ.

ಮರುದಿನ ಅವನ ಟ್ರ್ಯಾಕ್ಟರಿನಲ್ಲೇ ಹೊಸದನ್ನೂ ಹಳೆಯದನ್ನೂ ಏರಿಸಿಕೊಂಡು ಸಿಂಧನೂರಿಗೆ ಹೋದೆವು. ಅಂಗಡಿಯವರು ನಗದೆ ಬದಲಿಸಿಕೊಟ್ಟರು. ಹಳೆಯದನ್ನು ಪಕ್ಕದಲ್ಲಿಟ್ಟು ಅದೇ ಉದ್ದಗಲದ, ವಾಯರು ಹಚ್ಚುವ ಗುಬ್ಬಿಗಳು ಅದೇ ಕಡೆ ಇರುವ ಒಂದನ್ನು ಆರಿಸಿದೆವು. ಮೇಲೆ ಒತ್ತಿದ ತಯಾರಿಕೆಯ ತಿಂಗಳು ನೋಡಿ, ಕಪಾಟಿನಲ್ಲಿ ಬಹಳ ದಿನ ಕೂತದ್ದಲ್ಲ ಎಂದೂ ಖಾತ್ರಿ ಮಾಡಿಕೊಂಡೆ. ಹೊರಡುವಾಗ ಅವರು ಎಲ್ಲ ಗಿರಾಕಿಗಳನ್ನು ಕೇಳುವ ಹಾಗೆ ನನ್ನನ್ನೂ ಕೇಳಿದರು: "ದಿನಾ ಎಷ್ಟು ದೂರ ಓಡಸ್ತೀರಿ ಸಾವ್ಕಾರ್ರ?"

"ಮನಿಯಿಂದ ಅಂಗಡಿಗೆ."

"ಅಷ್ಟಕ್ಕ ಬ್ಯಾಟ್ರಿ ತುಂಬಂಗಿಲ್ರಿ. ವಾರಕ್ಕೊಮ್ಮಿ ಎಲ್ಲ್ಯಾರ ದೂರ ಹೋಗಿ ಬರ್ರಿ."

ನಮ್ಮೂರ ಗುಡ್ಡದಲ್ಲಿ ಹಳೆಯ ಚಕ್ರವರ್ತಿಯೊಬ್ಬ ಬರೆಸಿದ ಬಂಡೆಯಿದೆ. ಎರಡು ಸಾವಿರ ವರ್ಷ ದಾಟಿದರೂ ಅಕ್ಷರಗಳು ಉಳಿದಿವೆ. ವಾರಂಟಿ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಅದರ ಮುಂದೆ ಹಾಯುವಾಗ ನನಗೆ ಸ್ವಲ್ಪ ನಾಚಿಕೆಯಾಯಿತು. ಆದರೆ ಬಂಡೆಗೆ ಒಂದು ಅನುಕೂಲವಿದೆ: ಅದು ನಿಂತಲ್ಲೇ ನಿಂತು ಬಾಳುತ್ತದೆ. ನನ್ನ ಬ್ಯಾಟರಿ ನಿಂತೇ ಸತ್ತಿತ್ತು. ದುಡಿದು ಸವೆದಿದ್ದರೆ ಮರ್ಯಾದೆಯಾದರೂ ಇರುತ್ತಿತ್ತು.

ವಾರಕ್ಕೊಮ್ಮೆ ದೂರ ಎಂದರೆ ನನಗೆ ಲಿಂಗಸುಗೂರೇ. ಅಂಗಡಿಗೆ ರಜೆಯಿದ್ದ ದಿನ ಹೋಗತೊಡಗಿದೆ. ಅಕ್ಕ ಚಹಾ ಕೊಡುತ್ತಿದ್ದಳು, ಮಾತಾಡುತ್ತಿದ್ದಳು, ಕಳಿಸಲು ಬಾಗಿಲತನಕ ಬರುತ್ತಿದ್ದಳು, ಕಾರನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಮೂರ್ನಾಲ್ಕು ವಾರವಾದ ಮೇಲೆ ಕೇಳಿದಳು: "ಖರೇ ಹೇಳು, ನನ್ನ ನೋಡಾಕ ಬರಾಕತ್ತೀಯೋ, ಬ್ಯಾಟ್ರಿ ಮೇಯಸಾಕ ಬರಾಕತ್ತೀಯೋ?"

"ಎರಡಕ್ಕೂ" ಎಂದೆ. ಮೊದಲು ಬಂದದ್ದು ಬ್ಯಾಟರಿಗೇ. ಆದರೆ ಅಷ್ಟರಲ್ಲಿ ಆ ದಾರಿ ನನಗೆ ರೂಢಿಯಾಗಿತ್ತು, ಜೋಳದ ಹೊಲಗಳು ಕಳೆದು ಅವಳ ಓಣಿಗೆ ತಿರುಗುವಾಗ ಒಂದು ಖುಷಿ ಏಳುತ್ತಿತ್ತು.

ಕೂಸು ಬೋರಲು ಬಿದ್ದ ಸುದ್ದಿ ಬಂದಾಗ ಅಕ್ಕನ ಹಟ ಸಡಿಲಾಯಿತು. "ಸಿಂಧನೂರಿಗೆ ಕರ್ಕೊಂಡ್ ಹೋಗು. ಆದ್ರ ಒಂದ್ ಮಾತು, ನಡುವ ಎಲ್ಲೂ ಬಂದ್ ಮಾಡಬ್ಯಾಡ." ಮಸ್ಕಿಯಲ್ಲಿ ನನ್ನ ಹೆಂಡತಿ ಗುರುಗುಟ್ಟುವ ಕಾರಿನ ಕಿಟಕಿಯಿಂದಲೇ ನಮಗೆ ಚಹಾ ಕೊಟ್ಟಳು. ಸಿಂಧನೂರಿನಲ್ಲಿ ಅಕ್ಕ ಒಳಗೆ ಹೋದಳು; ನಾನು ಬೀಗರ ಮನೆಯ ಮುಂದೆ, ಇಂಜಿನ್ ಚಾಲೂ ಇಟ್ಟುಕೊಂಡು, ಡೀಸೆಲ್ ಸುಡುತ್ತ ಕಾವಲು ಕೂತೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಜೋಗುಳ ಕೇಳಿಸಿತು. ಇಂಜಿನ್ ಸದ್ದಿನಲ್ಲಿ ಅರ್ಧ ಸಾಲು ಮುಳುಗುತ್ತಿತ್ತು. ಕೈ ಕೀಲಿಯ ತನಕ ಹೋಯಿತು. ಮಾತು ಕೊಟ್ಟಿದ್ದೆನಲ್ಲ, ತಿರುಗಿಸಲಿಲ್ಲ. ಕಿಟಕಿಗೆ ಕಿವಿ ಹಚ್ಚಿ ಕೇಳಿದೆ, ಕಣ್ಣು ತುಂಬಿ ಬಂತು.

ಸಂಜೆ ಅವಳ ಬಾಗಿಲಿಗೆ ಬಂದೆವು. ಅಕ್ಕ ಇಳಿಯಲಿಲ್ಲ. ಕೂಸಿನ ಮೂಗು ಯಾರದು, ಗಲ್ಲ ಯಾರದು ಎಂದು ಹೇಳುತ್ತ ಕೂತಳು. ಕೊನೆಗೆ ಗುರುಗುಡುವ ಬಾನೆಟ್ಟಿನ ಕಡೆ ನೋಡಿ, "ಬಂದ್ ಮಾಡೋ ಅದನ್ನ. ಒಳಗ ಬಾ, ರೊಟ್ಟಿ ಬಡೀತೀನಿ" ಎಂದಳು.

"ಆಮ್ಯಾಲ ಚಾಲೂ ಆಗಲಿಲ್ಲಂದ್ರ?"

"ಆಗಲಿಲ್ಲಂದ್ರ ಇಲ್ಲೇ ಮಕ್ಕೊ. ನಿಂಗೇನ್ ಹೊರಗಿನಾಕಿ ಆಗೀನೇನು ನಾ?"

ಕೀಲಿ ತಿರುಗಿಸಿದೆ. ಓಣಿಯೆಲ್ಲ ಒಮ್ಮೆಗೇ ಶಾಂತವಾಯಿತು. ಬಿಸಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ ಉಂಡು ಹೊರಗೆ ಬಂದಾಗ ಅಕ್ಕ ಹೊಸ್ತಿಲಲ್ಲಿ ನಿಂತಿದ್ದಳು. ನಾನು ಎಂದಿನಂತೆ ಉಸಿರು ಬಿಗಿಹಿಡಿದು ಮನೆದೇವರನ್ನು ನೆನೆದೆ. ಆದರೆ ಈ ಸಲ ಬೇಡಿಕೊಂಡದ್ದು ಬೇರೆ: ಇದೊಂದು ಸಲ ಚಾಲೂ ಆಗದಿರಲಿ.

ಬ್ಯಾಟರಿಯನ್ನು ಸರಿಯಾಗಿಯೇ ಆರಿಸಿದ್ದೆ. ಒಂದೇ ತಿರುವಿಗೆ ಚಾಲೂ ಆಯಿತು.